ನಡುಗಡಲಿನ ಎಡಿಸ್ಟೋನ್ ದೀಪಸ್ತಂಭ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಪು ಕಡಲತೀರದ ದೀಪಸ್ತಂಭ ಹತ್ತಿ ಇಳಿದವರು ಒಂದು ಪ್ರಶ್ನೆಯನ್ನು ಕೇಳದೇ ಇರುವುದಿಲ್ಲ: "ಅಲೆ ಬಡಿಯುವ ಬಂಡೆಯ ಮೇಲೆ ಇದನ್ನು ಹೇಗೆ ಕಟ್ಟಿದರು?" ಕಾಪುವಿನ ಬಂಡೆಯ ಬುಡಕ್ಕೆ ನಡೆದೇ ಹೋಗಬಹುದು. ದಡದಿಂದ ಹದಿನಾಲ್ಕು ಕಿಲೋಮೀಟರ್ ದೂರದಲ್ಲಿ, ಉಬ್ಬರ ಬಂದರೆ ಮುಳುಗಿಹೋಗುವ ಬಂಡೆಯ ಮೇಲೆ ಗೋಪುರ ಕಟ್ಟುವುದು ಹೇಗೆಂದು ಜಗತ್ತು ಕಲಿತದ್ದು ಎಡಿಸ್ಟೋನ್‌ನಲ್ಲಿ. ಆ ಪಾಠಕ್ಕೆ ಎರಡು ಗೋಪುರಗಳು ಮತ್ತು ಹಲವು ಜೀವಗಳು ಬೆಲೆಯಾಗಿ ಹೋದವು. ಈ ಬಗ್ಗೆ ಹೆಚ್ಚಾಗಿ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಎಡಿಸ್ಟೋನ್ ಎಲ್ಲಿದೆ?

ಇಂಗ್ಲೆಂಡಿನ ನೈರುತ್ಯ ತುದಿಯಲ್ಲಿ, ಪ್ಲಿಮತ್ ಬಂದರಿನಿಂದ ಸುಮಾರು 20 ಕಿ.ಮೀ. ದೂರದ ಸಮುದ್ರದಲ್ಲಿ. ತೀರಾ ಹತ್ತಿರದ ನೆಲವೆಂದರೆ ಕಾರ್ನ್‌ವಾಲ್‌ನ ರೇಮ್ ಹೆಡ್ ಎಂಬ ಭೂಶಿರ. ಅದೂ 14 ಕಿ.ಮೀ. ಆಚೆ.

ಒಂದು ಸಣ್ಣ ಬಂಡೆಗೆ ಹಡಗಿನವರು ಅಷ್ಟು ಹೆದರುತ್ತಿದ್ದದ್ದು ಏಕೆ?

ಅದು ಕಾಣುತ್ತಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ಎಡಿಸ್ಟೋನ್ ಒಂದೇ ಬಂಡೆಯಲ್ಲ, ನೀರಿನಡಿಯಲ್ಲಿ ಹರಡಿಕೊಂಡ ಬಂಡೆಸಾಲು. ದೊಡ್ಡ ಉಬ್ಬರದಲ್ಲಿ ಅದರ ಬಹುಭಾಗ ಮುಳುಗಿರುತ್ತದೆ. ಸುತ್ತ ಆಳವಾದ ನೀರು. ಅಟ್ಲಾಂಟಿಕ್ ದಾಟಿ ಪ್ಲಿಮತ್ ಕಡೆಗೆ ಬರುವ ಹಡಗು, ವಾರಗಟ್ಟಲೆ ನೆಲ ಕಾಣದೆ, ರಾತ್ರಿ ಹೊತ್ತು, ಹಿಂದಿನಿಂದ ಗಾಳಿ ತಳ್ಳುತ್ತಿರುವಾಗ ಈ ಕಲ್ಲಿನ ಹಲ್ಲುಗಳ ಮೇಲೆಯೇ ಬಂದು ಬೀಳುತ್ತಿತ್ತು. ಅದಕ್ಕೆ ಹೆದರಿ ಎಷ್ಟೋ ನಾವಿಕರು ತುಂಬಾ ದಕ್ಷಿಣಕ್ಕೆ ಸರಿದು ಫ್ರಾನ್ಸಿನ ತೀರದ ಬಂಡೆಗಳಿಗೆ ಸಿಕ್ಕಿಬೀಳುತ್ತಿದ್ದರು.

ಅಲ್ಲಿ ಇರುವುದು ಒಂದು ದೀಪಸ್ತಂಭವೋ, ನಾಲ್ಕೋ?

ಈಗ ಉರಿಯುತ್ತಿರುವುದು ಒಂದೇ. ಆದರೆ ಅದು ಆ ಬಂಡೆಸಾಲಿನ ಮೇಲೆ ಎದ್ದ ನಾಲ್ಕನೆಯ ಗೋಪುರ. ಮೊದಲನೆಯದನ್ನು ಹೆನ್ರಿ ವಿನ್‌ಸ್ಟ್ಯಾನ್ಲಿ ಕಟ್ಟಿದ. ಅದರ ದೀಪ 1698ರಲ್ಲಿ ಬೆಳಗಿತು. ಎರಡನೆಯದು ಜಾನ್ ರಡ್ಯರ್ಡ್‌ನದು, 1709ರಲ್ಲಿ ಮುಗಿಯಿತು. ಮೂರನೆಯದು ಜಾನ್ ಸ್ಮೀಟನ್‌ನದು, 1759. ಈಗಿರುವುದು ಜೇಮ್ಸ್ ಡಗ್ಲಸ್‌ನದು, 1882. ಮೊದಲನೆಯದನ್ನು ಬಿರುಗಾಳಿ ಒಯ್ದಿತು, ಎರಡನೆಯದನ್ನು ಬೆಂಕಿ ತಿಂದಿತು. ಮೂರನೆಯದು ಸೋಲಲೇ ಇಲ್ಲ. ಅದರ ಕಥೆಯನ್ನು ಮುಂದೆ ವಿವರವಾಗಿ ಹೇಳುತ್ತೇನೆ, ಏಕೆಂದರೆ ನನ್ನ ಲೆಕ್ಕದಲ್ಲಿ ಎಡಿಸ್ಟೋನ್ ಎಂದರೆ ಸ್ಮೀಟನ್‌ನ ಗೋಪುರವೇ.

ಮೊದಲು ಕಟ್ಟಿದ ವಿನ್‌ಸ್ಟ್ಯಾನ್ಲಿ ಎಂಜಿನಿಯರ್ ಆಗಿದ್ದನೇ?

ಅಲ್ಲ. ಅವನು ಚಿತ್ರಗಳನ್ನು ತಾಮ್ರದ ತಗಡಿನ ಮೇಲೆ ಕೊರೆಯುವ ಕಸುಬಿನವನು. ಜೊತೆಗೆ ಯಂತ್ರಗಳ ಹುಚ್ಚು. ಎಸೆಕ್ಸ್‌ನ ಲಿಟಲ್‌ಬರಿಯಲ್ಲಿದ್ದ ಅವನ ಮನೆ ತುಂಬ ಗುಪ್ತ ಯಂತ್ರಗಳಿದ್ದವು. ಜನ ದುಡ್ಡು ಕೊಟ್ಟು ನೋಡಲು ಬರುತ್ತಿದ್ದರು. ಲಂಡನ್ನಿನಲ್ಲಿ ಅವನು ನೀರಿನ ಚಮತ್ಕಾರಗಳ ಪ್ರದರ್ಶನವನ್ನೂ ನಡೆಸುತ್ತಿದ್ದ. ಗಳಿಸಿದ ಹಣವನ್ನು ಹಡಗುಗಳಲ್ಲಿ ಹಾಕಿದ. ಅವುಗಳಲ್ಲಿ ಎರಡು ಎಡಿಸ್ಟೋನ್‌ಗೆ ಬಡಿದು ಒಡೆದವು. ಆ ಬಂಡೆಗೆ ಗುರುತು ಹಾಕುವುದು ಅಸಾಧ್ಯವೆಂದು ಎಲ್ಲರೂ ಹೇಳಿದಾಗ, ನಾನೇ ಹಾಕುತ್ತೇನೆ ಎಂದು ಹೊರಟ.

1696ರ ಬೇಸಗೆಯೆಲ್ಲ ಬಂಡೆಯಲ್ಲಿ ಹನ್ನೆರಡು ಕುಳಿ ತೋಡಿ ಹನ್ನೆರಡು ದಪ್ಪ ಕಬ್ಬಿಣದ ಸರಳು ನೆಡುವುದರಲ್ಲೇ ಕಳೆಯಿತು. ಮರುವರ್ಷ ಹನ್ನೆರಡು ಅಡಿ ಎತ್ತರದ ಗಟ್ಟಿ ಕಲ್ಲಿನ ಕಂಬ. ಅದರ ಮುಂದಿನ ವರ್ಷ ಅದರ ಮೇಲೆ ಕೋಣೆ, ದೀಪದ ಗೂಡು. 1698ರ ನವೆಂಬರ್ 14ರಂದು ಮೇಣದ ಬತ್ತಿಗಳು ಉರಿದವು. ಚಳಿಗಾಲದಲ್ಲಿ ಅಲೆಗಳು ದೀಪದ ಗೂಡಿನ ಮೇಲೆಯೇ ಹಾದುಹೋಗುವುದನ್ನು ಕಂಡು ಮರುವರ್ಷ ಗೋಪುರವನ್ನು ಸುತ್ತಲೂ ದಪ್ಪಗೊಳಿಸಿ ಇನ್ನೂ ಎತ್ತರಿಸಿದ. ಉಳಿದಿರುವ ಚಿತ್ರಗಳಲ್ಲಿ ಈ ಎರಡನೆಯ ರೂಪ ಅರಮನೆಯ ಉಪ್ಪರಿಗೆಯಂತೆ ಕಾಣುತ್ತದೆ. ಮೊಗಸಾಲೆ, ಕಟಕಟೆ, ಮೂಲೆಮೂಲೆಗೆ ಅಲಂಕಾರ, ಹೊರಚಾಚಿದ ರಾಟೆ. ಅಲೆಗೆ ಹಿಡಿತ ಸಿಗುವಂಥ ಭಾಗಗಳೇ ಹೆಚ್ಚು.

ಕಟ್ಟುತ್ತಿರುವಾಗಲೇ ಅವನನ್ನು ಫ್ರೆಂಚರು ಸೆರೆಹಿಡಿದದ್ದು ನಿಜವೇ?

ನಿಜ. 1697ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ನಡೆದಿತ್ತು. ಕಾವಲಿನ ಹಡಗು ಇಲ್ಲದ ಹೊತ್ತಿನಲ್ಲಿ ಫ್ರೆಂಚ್ ದಾಳಿಕೋರ ಹಡಗೊಂದು ಬಂದು ವಿನ್‌ಸ್ಟ್ಯಾನ್ಲಿಯನ್ನು ಹಿಡಿದು ಫ್ರಾನ್ಸಿಗೆ ಕೊಂಡೊಯ್ದಿತು. ಹದಿನಾಲ್ಕನೆಯ ಲೂಯಿ ಅವನನ್ನು ಬಿಡಿಸಿ ಕಳಿಸಿದ. ನಮ್ಮ ಯುದ್ಧ ಇಂಗ್ಲೆಂಡಿನೊಂದಿಗೆ, ಮನುಕುಲದೊಂದಿಗೆ ಅಲ್ಲ ಎಂದು ದೊರೆ ಹೇಳಿದನೆಂದು ಪ್ರತೀತಿ. ದೀಪಕ್ಕೆ ಶತ್ರು ಮಿತ್ರ ಎಂಬ ಭೇದವಿಲ್ಲ. ಫ್ರೆಂಚ್ ಹಡಗೂ ಅದೇ ಬಂಡೆಗೆ ಬಡಿಯುತ್ತದೆ.

ಆ ಗೋಪುರ ಹೇಗೆ ನಾಶವಾಯಿತು?

1703ರ ಮಹಾ ಬಿರುಗಾಳಿಯಲ್ಲಿ. ಆಗಿನ ಇಂಗ್ಲಿಷ್ ಪಂಚಾಂಗದ ಪ್ರಕಾರ ನವೆಂಬರ್ 26ರ ರಾತ್ರಿಯಿಂದ 27ರ ಬೆಳಗಿನವರೆಗೆ ಬೀಸಿದ ಆ ಗಾಳಿ ದಕ್ಷಿಣ ಇಂಗ್ಲೆಂಡಿನಾದ್ಯಂತ ಮನೆ, ಮರ, ಹಡಗು ಯಾವುದನ್ನೂ ಬಿಡಲಿಲ್ಲ. ತನ್ನ ಗೋಪುರದ ಮೇಲೆ ಎಷ್ಟು ನಂಬಿಕೆಯಿತ್ತೆಂದರೆ, ಎಂದಾದರೂ ಅತಿ ದೊಡ್ಡ ಬಿರುಗಾಳಿ ಬಂದಾಗ ತಾನು ಅದರೊಳಗೇ ಇರಬೇಕು ಎಂದು ವಿನ್‌ಸ್ಟ್ಯಾನ್ಲಿ ಹೇಳುತ್ತಿದ್ದ. ಅಂದು ದುರಸ್ತಿಗೆಂದು ಹೋಗಿದ್ದ ಅವನು ಒಳಗೇ ಇದ್ದ. ಬೆಳಗಾದಾಗ ಗೋಪುರವೂ ಇರಲಿಲ್ಲ, ಅದರಲ್ಲಿದ್ದ ಒಬ್ಬರೂ ಇರಲಿಲ್ಲ. ಕೆಲವು ಕಬ್ಬಿಣದ ಸರಳುಗಳು ಮತ್ತು ಬಂಡೆಯ ಸಂದಿಗೆ ಸಿಕ್ಕಿಕೊಂಡ ಸರಪಳಿಯ ತುಂಡು, ಇಷ್ಟೇ ಉಳಿದದ್ದು.

ದೀಪ ಉರಿದ ಐದು ವರ್ಷ ಎಡಿಸ್ಟೋನ್‌ನಲ್ಲಿ ಒಂದು ಹಡಗೂ ಒಡೆದಿರಲಿಲ್ಲ. ದೀಪ ಆರಿದ ಎರಡೇ ದಿನಗಳಲ್ಲಿ ವರ್ಜೀನಿಯಾದಿಂದ ಹೊಗೆಸೊಪ್ಪು ಹೊತ್ತು ಬರುತ್ತಿದ್ದ ವಿಂಚೆಲ್ಸಿ ಎಂಬ ಹಡಗು ಅಲ್ಲಿ ಬಡಿದು ಮುಳುಗಿತು. ವಿನ್‌ಸ್ಟ್ಯಾನ್ಲಿಯ ವಿನ್ಯಾಸವನ್ನು ಹೀಗಳೆಯುವವರು ಈ ಎರಡು ವಾಕ್ಯಗಳನ್ನೂ ಜೊತೆಗಿಟ್ಟು ಓದಬೇಕು.

ಎರಡನೆಯ ಗೋಪುರದಲ್ಲಿ ಏನು ಬದಲಾಯಿತು?

ಆಕಾರ. ರಡ್ಯರ್ಡ್ ಲಂಡನ್ನಿನ ಲಡ್‌ಗೇಟ್ ಹಿಲ್‌ನ ರೇಷ್ಮೆ ವ್ಯಾಪಾರಿ. ಅವನೂ ಎಂಜಿನಿಯರ್ ಅಲ್ಲ. ಆದರೆ ಅಲಂಕಾರವನ್ನೆಲ್ಲ ಕಿತ್ತೆಸೆದು, ಮೇಲಕ್ಕೆ ಹೋದಂತೆ ಸಣ್ಣಗಾಗುವ ನುಣುಪಾದ ಶಂಕುವನ್ನು ಆರಿಸಿಕೊಂಡ. ವೂಲಿಚ್‌ನ ಹಡಗು ಕಟ್ಟುವ ಬಡಗಿಗಳನ್ನು ಕರೆತಂದ. ಓಕ್ ಮರದ ತೊಲೆಗಳ ನಡುವೆ ಭಾರಕ್ಕಾಗಿ ಕಲ್ಲಿನ ಸಾಲುಗಳನ್ನು ಸೇರಿಸಿ, ಹೊರಗೆ ಉದ್ದುದ್ದ ಹಲಗೆ ಹೊದಿಸಿ, ಹಡಗಿನ ಹೊಟ್ಟೆಗೆ ಮಾಡುವ ಹಾಗೆ ಸಂದುಗಳಿಗೆ ನಾರು ತುರುಕಿ ರಾಳ ಬಳಿದರು. ಒಂದು ಬಗೆಯಲ್ಲಿ ಅದು ನೆಟ್ಟಗೆ ನಿಲ್ಲಿಸಿದ ಹಡಗೇ. ಸುಮಾರು 47 ವರ್ಷ ನಿಂತಿತು. ಸಮುದ್ರ ಅದನ್ನು ಕೆಡವಲಿಲ್ಲ.

ಕರಗಿದ ಸೀಸ ನುಂಗಿದ ಮುದುಕನ ಕಥೆ ಕಟ್ಟುಕಥೆಯೇ?

ಕಟ್ಟುಕಥೆಯಲ್ಲ. ಆ ಸೀಸದ ತುಂಡು ಇವತ್ತಿಗೂ ಸ್ಕಾಟ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಬಳಿ ಇದೆ.

1755ರ ಡಿಸೆಂಬರ್ 2ರ ರಾತ್ರಿ ದೀಪದ ಗೂಡಿಗೆ ಬೆಂಕಿ ಹತ್ತಿತು. ಐವತ್ತು ವರ್ಷಗಳ ಹೊಗೆ, ಜಿಡ್ಡು, ಒಣಗಿದ ಮರ. ಆಗ ಎಚ್ಚರವಿದ್ದವನು ಹೆನ್ರಿ ಹಾಲ್ ಎಂಬ ಕಾವಲುಗಾರ. ವಯಸ್ಸು 94. ತೊಟ್ಟಿಯಲ್ಲಿದ್ದ ನೀರನ್ನು ಕೊಡದಲ್ಲಿ ಮೊಗೆದು ತಲೆಯ ಮೇಲಿನ ಬೆಂಕಿಗೆ ಎರಚುತ್ತಿದ್ದ. ಮುಖ ಮೇಲೆತ್ತಿ ಬಾಯಿ ತೆರೆದಿದ್ದಾಗ ಮಾಡಿನ ಸೀಸ ಕರಗಿ ಸುರಿಯಿತು. ಅಲ್ಲಿದ್ದ ಮೂವರು ಕಾವಲುಗಾರರೂ ಒಂದೊಂದೇ ಮಹಡಿ ಕೆಳಗಿಳಿಯುತ್ತ ಬಂದು ಕೊನೆಗೆ ಬಂಡೆಯ ಪೊಟರೆಯಲ್ಲಿ ಅವಿತರು. ದೋಣಿಯವರು ಅವರನ್ನು ದಡಕ್ಕೆ ತಂದರು. ಹೊಟ್ಟೆಗೆ ಸೀಸ ಹೋಗಿದೆ ಎಂದು ಆ ಅಜ್ಜ ಹೇಳಿದರೆ ಯಾರೂ ನಂಬಲಿಲ್ಲ. ಅಂಥವನು ಬದುಕಿರಲು ಹೇಗೆ ಸಾಧ್ಯ? ಹನ್ನೆರಡನೆಯ ದಿನ ಸತ್ತ. ಪ್ಲಿಮತ್‌ನ ವೈದ್ಯ ಸ್ಪ್ರಿ ಹೊಟ್ಟೆ ಕೊಯ್ದು ನೋಡಿದಾಗ ಚಪ್ಪಟೆಯಾದ, ಮೊಟ್ಟೆಯಾಕಾರದ ಸೀಸದ ಗಟ್ಟಿ ಸಿಕ್ಕಿತು. ತೂಕ ಸುಮಾರು 200 ಗ್ರಾಂ. ವೈದ್ಯ ಇದನ್ನು ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ.

ಸ್ಮೀಟನ್‌ನನ್ನು ಆರಿಸಿದ್ದು ಏಕೆ?

ಗೋಪುರದ ಗುತ್ತಿಗೆ ಹೊಂದಿದ್ದ ರಾಬರ್ಟ್ ವೆಸ್ಟನ್ ನೇರವಾಗಿ ರಾಯಲ್ ಸೊಸೈಟಿಯ ಅಧ್ಯಕ್ಷನ ಬಳಿಗೆ ಹೋಗಿ, ಯಾರು ತಕ್ಕವರು ಎಂದು ಕೇಳಿದ. ಅವನು ಹೇಳಿದ ಹೆಸರು ಲೀಡ್ಸ್ ಬಳಿಯ ಆಸ್‌ಥಾರ್ಪ್‌ನ ಜಾನ್ ಸ್ಮೀಟನ್. ವಯಸ್ಸು ಮೂವತ್ತೊಂದೋ ಮೂವತ್ತೆರಡೋ. ವಿಜ್ಞಾನದ ಉಪಕರಣಗಳನ್ನು ತಯಾರಿಸುವವನು. ದೀಪಸ್ತಂಭವಿರಲಿ, ದೊಡ್ಡ ಕಟ್ಟಡವನ್ನೇ ಅವನು ಕಟ್ಟಿರಲಿಲ್ಲ. ಆದರೆ ಏನೇ ಸಮಸ್ಯೆ ಬಂದರೂ ಪ್ರಯೋಗ ಮಾಡಿ ಅಳೆದು ನೋಡುವ ಅಭ್ಯಾಸ ಅವನಿಗಿತ್ತು. ಮುಂದೆ ತನ್ನನ್ನು ಸಿವಿಲ್ ಎಂಜಿನಿಯರ್ ಎಂದು ಕರೆದುಕೊಂಡ ಮೊದಲಿಗನೂ ಅವನೇ. ಅದುವರೆಗೆ ಎಂಜಿನಿಯರ್ ಎಂದರೆ ಸೈನ್ಯದವನು ಎಂದೇ ಅರ್ಥ.

ಮತ್ತೆ ಮರದಲ್ಲೇ ಕಟ್ಟಬೇಕೆಂದು ಬಹಳ ಜನ ಹೇಳಿದರು. ಕಲ್ಲು ಬಾಗುವುದಿಲ್ಲ, ಮುರಿಯುತ್ತದೆ ಎಂಬುದು ಅವರ ವಾದ. ಬಾಗದೆ ನಿಲ್ಲುವಷ್ಟು ಭಾರವಿರಲಿ ಎಂಬುದು ಸ್ಮೀಟನ್‌ನ ಉತ್ತರ.

ಓಕ್ ಮರವನ್ನು ನೋಡಿ ಆಕಾರ ಕಂಡುಕೊಂಡನಂತೆ, ಹೌದೇ?

ಹಾಗೆಂದು ಅವನೇ ಬರೆದಿದ್ದಾನೆ. ಬುಡದಲ್ಲಿ ಅಗಲವಾಗಿ ಹರಡಿ, ಒಳಬಾಗಿದ ಗೆರೆಯಲ್ಲಿ ಸಣ್ಣಗಾಗುತ್ತ ಏರುವ ಕಾಂಡ. ಅಲ್ಲಿಂದೀಚೆಗೆ ಜಗತ್ತಿನ ಕಡಲ ದೀಪಸ್ತಂಭಗಳ ಚಿತ್ರವೆಂದರೆ ಈ ಗೆರೆಯೇ ಆಗಿದೆ. ಮಕ್ಕಳು ಬರೆಯುವ ಚಿತ್ರದಲ್ಲೂ ಅದನ್ನು ನೋಡಬಹುದು.

ಆದರೆ ಮರದ ಹೋಲಿಕೆಯನ್ನು ಆಕಾರಕ್ಕಷ್ಟೇ ನಿಲ್ಲಿಸಬೇಕು. ಮರ ನಿಲ್ಲುವುದು ಬೇರಿನ ಹಿಡಿತದಿಂದ, ಬಾಗುವ ಗುಣದಿಂದ. ಕಲ್ಲಿನ ಗೋಪುರಕ್ಕೆ ಎರಡೂ ಇಲ್ಲ. ಅದು ನಿಲ್ಲುವುದು ತನ್ನ ತೂಕದಿಂದ. ಬುಡ ಅಗಲವಾದಷ್ಟೂ ತೂಕದ ನಡುಬಿಂದು ಕೆಳಕ್ಕೆ ಇಳಿಯುತ್ತದೆ, ಅಲೆ ಎಷ್ಟೇ ತಳ್ಳಿದರೂ ಮಗುಚುವುದಿಲ್ಲ. ಬುಡದಲ್ಲಿ 26 ಅಡಿ ಅಗಲ, ಮೇಲೆ 17 ಅಡಿ. ಕೆಳಗಿನ 35 ಅಡಿಯವರೆಗೆ ಒಳಗೆ ಟೊಳ್ಳು ಬಹುತೇಕ ಇಲ್ಲ, ಇಡಿಯಾಗಿ ಕಲ್ಲು. ಅದರ ಮೇಲೆ ಕೋಣೆಗಳು.

ಕಲ್ಲುಗಳನ್ನು ಒಂದಕ್ಕೊಂದು ಹೇಗೆ ಜೋಡಿಸಿದರು?

ಬಡಗಿಗಳಿಗೆ ಗೊತ್ತಿರುವ ಡವ್‌ಟೇಲ್ ಜೋಡಣೆಯನ್ನು ನೆನಪಿಸಿಕೊಳ್ಳಿ. ಮೇಜಿನ ಸೆಳೆಖಾನೆಯ ಮೂಲೆಯಲ್ಲಿ ತುದಿ ಅಗಲವಾದ ಹಲ್ಲು ಇನ್ನೊಂದು ಹಲಗೆಯ ಕಚ್ಚಿನಲ್ಲಿ ಕೂತಿರುತ್ತದೆ. ಮೇಲಿನಿಂದ ಇಳಿಸಬಹುದು, ಪಕ್ಕಕ್ಕೆ ಎಳೆದರೆ ಬರುವುದಿಲ್ಲ. ಸ್ಮೀಟನ್ ಅದನ್ನು ಒಂದೊಂದು ಟನ್ನು, ಒಂದೂವರೆ ಟನ್ನು ತೂಗುವ ಕಲ್ಲಿನಲ್ಲಿ ಮಾಡಿಸಿದ.

ಒಂದು ಸಾಲಿನ ನಕ್ಷೆ ನೋಡಿದರೆ ರಂಗೋಲಿಯಂತಿದೆ. ನಡುವೆ ಒಂದು ದೊಡ್ಡ ಚೌಕ ಕಲ್ಲು. ಅದರ ನಾಲ್ಕು ಬದಿಗೆ ನಾಲ್ಕು ಕಲ್ಲು ಕಚ್ಚಿಕೊಂಡಿವೆ. ಅವುಗಳಿಗೆ ಮುಂದಿನ ಸುತ್ತು, ಅದಕ್ಕೆ ಇನ್ನೊಂದು ಸುತ್ತು. ಹೊರ ಅಂಚಿನ ಒಂದು ಕಲ್ಲನ್ನು ಸಮುದ್ರ ಕಿತ್ತುಕೊಳ್ಳಬೇಕಾದರೆ ಇಡೀ ಸಾಲನ್ನೇ ಎಳೆಯಬೇಕು. ಆ ಸಾಲು ಮೇಲಿನ ಸಾಲಿನಿಂದ ಜಾರದಂತೆ ನಡುನಡುವೆ ಅಮೃತಶಿಲೆಯ ದಪ್ಪ ತುಂಡುಗಳನ್ನು ಅರ್ಧ ಕೆಳಗೆ, ಅರ್ಧ ಮೇಲೆ ಬರುವಂತೆ ಹುದುಗಿಸಿದರು. ಗಾರೆ ಗಟ್ಟಿಯಾಗುವವರೆಗೆ ಅಲೆ ಕಲ್ಲನ್ನು ಎತ್ತಿಹಾಕದಂತೆ ಓಕ್ ಮರದ ಗೂಟ, ಬೆಣೆ ಬಡಿದರು. ಹೊರಗೆ ಗ್ರಾನೈಟ್, ಒಳಗೆ ಕೆತ್ತಲು ಸುಲಭವಾದ ಪೋರ್ಟ್‌ಲ್ಯಾಂಡ್ ಸುಣ್ಣಕಲ್ಲು. ಮೇಲಿನ ಕೋಣೆಗಳ ನೆಲ ಕಮಾನಿನಾಕಾರ. ಕಮಾನು ಗೋಡೆಯನ್ನು ಹೊರಕ್ಕೆ ತಳ್ಳದಂತೆ ಸುತ್ತ ತೋಡು ಕೊರೆದು ಕಬ್ಬಿಣದ ಸರಪಳಿ ಬಿಗಿದು ಸೀಸ ಎರೆದರು.

ನಮ್ಮ ಹೊಯ್ಸಳ ಶಿಲ್ಪಿಗಳೂ ಕಲ್ಲಿಗೆ ಕಲ್ಲನ್ನು ಗೂಟ ಮತ್ತು ಕುಳಿಯಿಂದ ಕೂಡಿಸಿದವರೇ. ಬೇಲೂರು, ಹಳೇಬೀಡು ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಅಲ್ಲಿ ಅಲೆಯ ಕಾಟ ಇರಲಿಲ್ಲ, ಅಷ್ಟೇ.

ಬಂಡೆ ಇಳಿಜಾರಾಗಿತ್ತಲ್ಲ, ತಳಪಾಯ ಹೇಗೆ ಸಮವಾಯಿತು?

ಬಂಡೆಯನ್ನು ಮೆಟ್ಟಿಲುಗಳಾಗಿ ಕಡಿದರು. ಆದ್ದರಿಂದ ಮೊದಲ ಸಾಲಿನಲ್ಲಿ ಇದ್ದದ್ದು ನಾಲ್ಕೇ ಕಲ್ಲು! 1757ರ ಜೂನ್ 12ರಂದು ಮೊದಲನೆಯದನ್ನು ಇಳಿಸಿದರು. ಆರು ಸಾಲು ಏರಿದ ಮೇಲೆ ಬಂಡೆಯ ಎತ್ತರಕ್ಕೆ ಸಮವಾಗಿ, ಏಳನೆಯದು ಪೂರ್ತಿ ವೃತ್ತವಾಯಿತು.

ಕಲ್ಲೇನೋ ಸರಿ, ನೀರಿನಲ್ಲಿ ಗಾರೆ ಹೇಗೆ ಗಟ್ಟಿಯಾಯಿತು?

ಎಡಿಸ್ಟೋನ್ ಬಗ್ಗೆ ಒಂದೇ ಪ್ರಶ್ನೆ ಕೇಳಲು ಅವಕಾಶವಿದ್ದರೆ ನಾನು ಕೇಳುತ್ತಿದ್ದುದು ಇದನ್ನೇ. ಇಡೀ ಕಥೆಯ ತಿರುಳು ಇಲ್ಲಿದೆ.

ಸಾಮಾನ್ಯ ಸುಣ್ಣ ಗಟ್ಟಿಯಾಗುವುದು ಗಾಳಿಯಿಂದ. ಸುಣ್ಣಕಲ್ಲು ಸುಟ್ಟು, ನೀರು ಹಾಕಿ ಅರಳಿಸಿ, ಮರಳು ಕಲಸಿ ಗೋಡೆಗಿಟ್ಟರೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ನೀರಿನಡಿಯಲ್ಲಿ ಗಾಳಿ ಎಲ್ಲಿಂದ ಬರಬೇಕು? ದಿನಕ್ಕೆ ಎರಡು ಸಲ ಉಬ್ಬರದ ನೀರು ತೊಳೆಯುವ ಜಾಗದಲ್ಲಿ ಅದು ಮೊಸರಿನಂತೆ ಕದಡಿ ಹೋಗುತ್ತದೆ.

ಕೆಲವು ಊರುಗಳ ಸುಣ್ಣ ಮಾತ್ರ ನೀರಿನಲ್ಲೂ ಗಟ್ಟಿಯಾಗುತ್ತದೆ ಎಂಬುದು ಗಾರೆ ಕೆಲಸದವರಿಗೆ ಗೊತ್ತಿತ್ತು. ಏಕೆಂದು ಗೊತ್ತಿರಲಿಲ್ಲ. ಗಟ್ಟಿ ಕಲ್ಲಿನಿಂದ ಗಟ್ಟಿ ಸುಣ್ಣ ಬರುತ್ತದೆ ಎಂಬುದು ಆಗಿನ ನಂಬಿಕೆ. ಸ್ಮೀಟನ್ ಬೇರೆ ಬೇರೆ ಕಡೆಯ ಸುಣ್ಣ ತರಿಸಿದ. ಪ್ರತಿಯೊಂದರಿಂದಲೂ ಎರಡು ಅಂಗುಲದ, ನಿಂಬೆಹಣ್ಣಿನಷ್ಟು ದಪ್ಪದ ಉಂಡೆ ಕಟ್ಟಿದ. ಸ್ವಲ್ಪ ಬಿಗಿದ ಮೇಲೆ ನೀರಿನಲ್ಲಿ ಮುಳುಗಿಸಿಟ್ಟು ಯಾವುದು ಕರಗುತ್ತದೆ, ಯಾವುದು ಉಳಿಯುತ್ತದೆ ಎಂದು ನೋಡಿದ. ಪ್ಲಿಮತ್‌ನಲ್ಲಿ ಅವನಿಗೆ ಜೊತೆಯಾದವನು ವಿಲಿಯಂ ಕುಕ್‌ವರ್ದಿ ಎಂಬ ಔಷಧ ವ್ಯಾಪಾರಿ. ಕಾರ್ನ್‌ವಾಲ್‌ನಲ್ಲಿ ಪಿಂಗಾಣಿ ಮಣ್ಣನ್ನು ಪತ್ತೆಹಚ್ಚಿದವನು ಇವನೇ. ಸುಣ್ಣಕಲ್ಲನ್ನು ಆಮ್ಲದಲ್ಲಿ ಕರಗಿಸಿ ಪರೀಕ್ಷಿಸುವ ಬಗೆಯನ್ನು ಅವನು ತೋರಿಸಿಕೊಟ್ಟ.

ಸೌತ್ ವೇಲ್ಸ್‌ನ ಅಬರ್ಥಾ ಎಂಬಲ್ಲಿಂದ ಬಂದ ಸುಣ್ಣಕಲ್ಲನ್ನು ಕರಗಿಸಿದಾಗ ತಳದಲ್ಲಿ ಕೆಸರು ಉಳಿಯಿತು. ಸ್ಮೀಟನ್ ಆ ಕೆಸರನ್ನು ಒಣಗಿಸಿ, ಉಂಡೆ ಮಾಡಿ, ಬೆಂಕಿಗೆ ಹಾಕಿದ. ಅದು ಇಟ್ಟಿಗೆಯಾಯಿತು. ಅಂದರೆ ಜೇಡಿಮಣ್ಣು! ನೀರಿನಲ್ಲಿ ಗಟ್ಟಿಯಾಗುವ ಗುಣ ಇದ್ದದ್ದು ಕಲ್ಲಿನ ಗಡಸುತನದಲ್ಲಲ್ಲ, ಅದರೊಳಗೆ ಬೆರೆತಿದ್ದ ಜೇಡಿಯಲ್ಲಿ. ಜೇಡಿಯ ಸಿಲಿಕಾ ಮತ್ತು ಅಲ್ಯೂಮಿನಾ ಸುಡುವಾಗ ಸುಣ್ಣದೊಡನೆ ಕೂಡಿ, ಗಾಳಿಯ ಹಂಗಿಲ್ಲದೆ ನೀರಿನಿಂದಲೇ ಗಟ್ಟಿಯಾಗುವ ವಸ್ತುವಾಗುತ್ತವೆ ಎಂಬ ರಸಾಯನಶಾಸ್ತ್ರ ಆಮೇಲೆ ಬಂತು. ಕಾರಣ ಜೇಡಿಯಲ್ಲಿದೆ ಎಂದು ಬೆರಳಿಟ್ಟು ತೋರಿಸಿದವನು ಸ್ಮೀಟನ್. ಕೊನೆಗೆ ಅಬರ್ಥಾ ಸುಣ್ಣಕ್ಕೆ ಅಷ್ಟೇ ಪ್ರಮಾಣದ ಪೊಜೊಲಾನಾ, ಎಂದರೆ ಇಟಲಿಯ ಜ್ವಾಲಾಮುಖಿ ಬೂದಿಮಣ್ಣು, ಕಲಸಿ ಬಳಸಿದ.

ಇಟ್ಟಿಗೆ ಪುಡಿಯ ಸುರ್ಕಿ ಬೆರೆಸಿ ಗಾರೆ ಅರೆಯುತ್ತಿದ್ದ ನಮ್ಮ ಹಿರಿಯರ ಪದ್ಧತಿಯೂ ಇದೇ ಗುಣವನ್ನು ನೆಚ್ಚಿಕೊಂಡದ್ದು. ಸುಟ್ಟ ಜೇಡಿ ಪೊಜೊಲಾನಾದ ಕೆಲಸವನ್ನೇ ಮಾಡುತ್ತದೆ. ಕನ್ನಂಬಾಡಿ ಕಟ್ಟೆ ನಿಂತಿರುವುದು ಸುರ್ಕಿ ಗಾರೆಯ ಮೇಲೆ. ಸ್ಮೀಟನ್ ತೋರಿಸಿದ ದಾರಿಯಲ್ಲೇ ಮುಂದೆ ಹಲವರು ನಡೆದರು. 1824ರಲ್ಲಿ ಲೀಡ್ಸ್‌ನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಇಂದು ಅಂಗಡಿಯಲ್ಲಿ ಸಿಗುವ ಸಿಮೆಂಟ್ ಚೀಲದ ಮೇಲೂ ಆ ಹೆಸರಿದೆ.

ದಿನಕ್ಕೆ ಎಷ್ಟು ಹೊತ್ತು ಕೆಲಸ ಮಾಡಲು ಆಗುತ್ತಿತ್ತು?

ಆರಂಭದಲ್ಲಿ ಇಳಿತದ ಹೊತ್ತು ಕೆಲವೇ ಗಂಟೆ, ಅದೂ ಸಮುದ್ರ ಶಾಂತವಾಗಿದ್ದರೆ. ದಡದಿಂದ ದಿನಾ ಬಂದುಹೋದರೆ ಆ ಗಂಟೆಗಳೂ ಕೈತಪ್ಪುತ್ತವೆ ಎಂದು ಬಂಡೆಯ ಹತ್ತಿರ ನೆಪ್ಚೂನ್ ಎಂಬ ಹಡಗನ್ನು ಲಂಗರು ಹಾಕಿ ನಿಲ್ಲಿಸಿದರು. ಎರಡು ತಂಡ, ವಾರಕ್ಕೊಮ್ಮೆ ಸರದಿ. ಕಾರ್ನ್‌ವಾಲ್‌ನ ತವರದ ಗಣಿಗಳಿಂದ ಬಂದವರು ಬಂಡೆ ಕಡಿದರು. ನೌಕಾಪಡೆ ಸಿಕ್ಕಸಿಕ್ಕವರನ್ನು ಬಲವಂತವಾಗಿ ಹಿಡಿದೊಯ್ಯುತ್ತಿದ್ದ ಕಾಲ ಅದು. ಅದಕ್ಕಾಗಿ ಪ್ರತಿ ಕೆಲಸಗಾರನಿಗೂ ಒಂದು ಬಿಲ್ಲೆ ಕೊಟ್ಟಿದ್ದರು. ಅದನ್ನು ತೋರಿಸಿದರೆ ಹಿಡಿಯುವಂತಿರಲಿಲ್ಲ.

ಕಲ್ಲು ಕೆತ್ತನೆ ನಡೆದದ್ದು ಪ್ಲಿಮತ್‌ನ ಮಿಲ್‌ಬೇಯಲ್ಲಿ. ಪ್ರತಿ ಸಾಲನ್ನೂ ಅಲ್ಲಿನ ಅಂಗಳದಲ್ಲಿ ಮೊದಲು ಜೋಡಿಸಿ ನೋಡಿ, ಗುರುತು ಹಾಕಿ, ಬಿಚ್ಚಿ, ಆಮೇಲೆ ದೋಣಿಗೆ ಏರಿಸುತ್ತಿದ್ದರು. ಸ್ಮೀಟನ್ ತಾನೂ ಬಂಡೆಯ ಮೇಲಿರುತ್ತಿದ್ದ. ಒಂದು ರಾತ್ರಿ ಕಟ್ಟಡದ ಅಂಚಿನಿಂದ ಜಾರಿ ಕೆಳಗಿನ ಬಂಡೆಗಳ ನಡುವೆ ಬಿದ್ದ. ಹೆಬ್ಬೆರಳು ಕೀಲು ತಪ್ಪಿತು. ಹತ್ತಿರದಲ್ಲಿ ವೈದ್ಯರಿಲ್ಲ. ಇನ್ನೊಂದು ಕೈಯಿಂದ ಬೆರಳನ್ನು ಹಿಡಿದು ಜಗ್ಗಿ ತಾನೇ ಕೂರಿಸಿಕೊಂಡ, ಮತ್ತೆ ಕೆಲಸಕ್ಕೆ ಹೋದ.

ಅಷ್ಟು ದೊಡ್ಡ ಗೋಪುರದಲ್ಲಿ ಉರಿಯುತ್ತಿದ್ದ ದೀಪ ಎಂಥದು?

24 ಮೇಣದ ಬತ್ತಿಗಳು! 1759ರ ಅಕ್ಟೋಬರ್ 16ರ ರಾತ್ರಿ ಅವನ್ನು ಹಚ್ಚಿದರು. ತೂಗುದೀಪದ ಚೌಕಟ್ಟಿನಲ್ಲಿ ನಿಲ್ಲಿಸಿದ ಆ ಬತ್ತಿಗಳ ಕರಿಯನ್ನು ಅರ್ಧ ಗಂಟೆಗೊಮ್ಮೆ ಕತ್ತರಿಸದಿದ್ದರೆ ಬೆಳಕು ಮಂಕಾಗುತ್ತದೆ. ಕಾವಲುಗಾರ ತೂಕಡಿಸದಂತೆ ಅರ್ಧ ಗಂಟೆಗೊಮ್ಮೆ ಒಂದೇ ಪೆಟ್ಟು ಹೊಡೆಯುವ ಗಡಿಯಾರವನ್ನು ಸ್ಮೀಟನ್ ಇಡಿಸಿದ. ಉಪಕರಣ ತಯಾರಕನ ಕೈ ಇಂಥಲ್ಲಿ ಕಾಣುತ್ತದೆ. 1810ರಲ್ಲಿ ಬತ್ತಿಗಳು ಹೋಗಿ ಪ್ರತಿಫಲಕಗಳುಳ್ಳ ಎಣ್ಣೆದೀಪ ಬಂದವು, 1845ರಲ್ಲಿ ಪ್ಯಾರಿಸ್ಸಿನಲ್ಲಿ ತಯಾರಾದ ಮಸೂರ. ಐವತ್ತು ವರ್ಷ ಯುರೋಪಿನ ಅತ್ಯುತ್ತಮ ಕಲ್ಲುಕಟ್ಟಡವೊಂದು ದೇವರಮನೆಯಲ್ಲಿ ಉರಿಯುವಂಥ ಬೆಳಕನ್ನು ಹೊತ್ತು ನಿಂತಿತ್ತು ಎಂಬುದನ್ನು ಯೋಚಿಸಿದಾಗಲೆಲ್ಲ ನನಗೆ ಅಚ್ಚರಿ.

ಕಾವಲಿಗೆ ಮೂವರೇ ಏಕೆ?

ರಡ್ಯರ್ಡ್‌ನ ಗೋಪುರದಲ್ಲಿ ಮೊದಲು ಇಬ್ಬರಿದ್ದರಂತೆ. ಒಬ್ಬ ಸತ್ತ. ಹೆಣವನ್ನು ಸಮುದ್ರಕ್ಕೆ ಹಾಕಿದರೆ ಕೊಲೆಯ ಆರೋಪ ಬರುತ್ತದೆಂದು ಇನ್ನೊಬ್ಬ ಅದನ್ನು ಹಾಗೆಯೇ ಇಟ್ಟುಕೊಂಡ. ಕೆಟ್ಟ ಹವೆಯಿಂದ ದಿನಗಟ್ಟಲೆ ದೋಣಿ ಬರಲಿಲ್ಲ. ಆಮೇಲೆ ಮೂವರನ್ನು ಇರಿಸುವ ಪದ್ಧತಿ ಬಂತೆಂದು ಸ್ಮೀಟನ್ ಬರೆದಿದ್ದಾನೆ.

ಬಿರುಗಾಳಿಗೆ ಸ್ಮೀಟನ್‌ನ ಗೋಪುರ ಹೆದರಲಿಲ್ಲವೇ?

120 ವರ್ಷಕ್ಕೂ ಹೆಚ್ಚು ಕಾಲ ನಿಂತಿತು. ಗಾಳಿಮಳೆಯ ರಾತ್ರಿ ಕಳೆದ ಮೇಲೆ ಸ್ಮೀಟನ್ ಬೆಳಗಿನ ಜಾವ ಪ್ಲಿಮತ್‌ನ ಹೋ ಎಂಬ ದಿಬ್ಬ ಹತ್ತಿ ದೂರದರ್ಶಕ ಹಿಡಿದು ನೋಡುತ್ತಿದ್ದನಂತೆ. ಮೊದಲು ಬಿಳಿಯ ನೊರೆಯ ಕಂಬವೊಂದು ಮೇಲೇಳುವುದು ಕಾಣುತ್ತಿತ್ತು. ಅದು ಇಳಿದ ಮೇಲೆ ಅದರೊಳಗಿಂದ ಗೋಪುರ.

ದೀಪದ ಗೂಡಿನ ಬಾಗಿಲ ಮೇಲೆ ಕೊನೆಯ ಕಲ್ಲುಗಳಲ್ಲಿ 1759ರ ಆಗಸ್ಟ್ 24 ಎಂಬ ದಿನಾಂಕವನ್ನೂ ದೇವರಿಗೆ ಸ್ತುತಿ ಎಂಬರ್ಥದ ಲ್ಯಾಟಿನ್ ಪದಗಳನ್ನೂ ಕೆತ್ತಿದ್ದಾರೆ. ಕಟ್ಟಿದವನ ಹೆಸರಲ್ಲ.

ಹಾಗಿದ್ದರೆ ಅದನ್ನು ಬಿಚ್ಚಿದ್ದು ಏಕೆ?

ಬಹಳ ಮಂದಿ ತಪ್ಪು ತಿಳಿದುಕೊಂಡಿರುವ ವಿಷಯ ಇದು. ಗೋಪುರ ಶಿಥಿಲವಾಗಿರಲಿಲ್ಲ. ಅದರ ಕೆಳಗಿನ ಬಂಡೆಯನ್ನು ಸಮುದ್ರ ಕೊರೆದಿತ್ತು. 1870ರ ದಶಕದಲ್ಲಿ ದೊಡ್ಡ ಅಲೆ ಬಡಿದಾಗಲೆಲ್ಲ ಗೋಪುರ ಅದುರುವುದು ಕಂಡುಬಂತು. ಮನುಷ್ಯ ಕಟ್ಟಿದ್ದು ಗಟ್ಟಿಯಾಗಿತ್ತು, ಅದಕ್ಕೆ ಮೊದಲೇ ಅಲ್ಲಿದ್ದ ಬಂಡೆ ಸವೆದಿತ್ತು.

ಈಗಿನ ಗೋಪುರ ಹೇಗಿದೆ?

ಇಂಗ್ಲೆಂಡಿನ ದೀಪಸ್ತಂಭಗಳನ್ನು ನೋಡಿಕೊಳ್ಳುವ ಸಂಸ್ಥೆಯಾದ ಟ್ರಿನಿಟಿ ಹೌಸ್‌ನ ಎಂಜಿನಿಯರ್ ಜೇಮ್ಸ್ ಡಗ್ಲಸ್ ಪಕ್ಕದ ಬಂಡೆಯ ಮೇಲೆ ಕಟ್ಟಿದ. 1879ರ ಆಗಸ್ಟ್ 19ರಂದು ಅಡಿಗಲ್ಲು, 1882ರ ಮೇ 18ರಂದು ದೀಪ. ಎತ್ತರ 49 ಮೀಟರ್, ಹಳೆಯದರ ಎರಡು ಪಟ್ಟಿಗೂ ಹೆಚ್ಚು. ಕಲ್ಲು ಕಾರ್ನ್‌ವಾಲ್‌ನ ಡಿ ಲ್ಯಾಂಕ್ ಗಣಿಯ ಗ್ರಾನೈಟ್. ಸ್ಮೀಟನ್‌ನ ಬುಡದ ಬಾಗಿದ ಗೆರೆಗೆ ಒಂದು ದೋಷವಿತ್ತು. ಅಲೆ ಅದನ್ನೇ ಏಣಿ ಮಾಡಿಕೊಂಡು ಮೇಲಕ್ಕೆ ಏರುತ್ತಿತ್ತು. ಡಗ್ಲಸ್ ಬುಡಕ್ಕೆ ನೆಟ್ಟಗಿನ ಗೋಡೆಯ ದಪ್ಪ ಸಿಲಿಂಡರ್ ಇಟ್ಟು, ಅಲೆ ಅಲ್ಲೇ ಒಡೆಯುವಂತೆ ಮಾಡಿದ. ಕಲ್ಲಿನ ಡವ್‌ಟೇಲ್ ಜೋಡಣೆಯನ್ನು ಮಾತ್ರ ಉಳಿಸಿಕೊಂಡ. ಸ್ಕಾಟ್ಲೆಂಡಿನ ಬೆಲ್ ರಾಕ್‌ನಲ್ಲಿ ರಾಬರ್ಟ್ ಸ್ಟೀವನ್‌ಸನ್ ಬಳಸಿದ್ದೂ ಅದರ ಬೆಳೆದ ರೂಪವನ್ನೇ.

1982ರ ಮೇ 18ರಂದು, ಸರಿಯಾಗಿ ನೂರು ವರ್ಷಕ್ಕೆ, ದೀಪ ಸ್ವಯಂಚಾಲಿತವಾಯಿತು. ಈಗ ಅಲ್ಲಿ ಕಾವಲುಗಾರರಿಲ್ಲ. ದೀಪದ ಗೂಡಿನ ನೆತ್ತಿಯ ಮೇಲೆ ಹೆಲಿಕಾಪ್ಟರ್ ಇಳಿಯುವ ಕಟ್ಟೆಯಿದೆ. ವಿದ್ಯುತ್ ಬರುವುದು ಸೂರ್ಯನಿಂದ. ಹತ್ತು ಸೆಕೆಂಡಿಗೊಮ್ಮೆ ಎರಡು ಬಿಳಿ ಮಿಂಚು, ಇದೇ ಅದರ ಗುರುತು.

ಸ್ಮೀಟನ್‌ನ ಗೋಪುರವನ್ನು ಈಗ ನೋಡಬಹುದೇ?

ಹತ್ತಲೂಬಹುದು. ಪ್ಲಿಮತ್‌ನ ಜನ ಚಂದಾ ಎತ್ತಿ, ಕೆಡವಬೇಕಿದ್ದ ಗೋಪುರದ ಮೇಲ್ಭಾಗವನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಹೋ ದಿಬ್ಬದ ಮೇಲೆ ಹೊಸ ಬುಡ ಕಟ್ಟಿ ಅದರ ಮೇಲೆ ಮತ್ತೆ ಜೋಡಿಸಿದರು. 1884ರ ಸೆಪ್ಟೆಂಬರ್ 24ರಂದು ಅದು ಜನರಿಗೆ ತೆರೆಯಿತು. ಸ್ಮೀಟನ್ ದೂರದರ್ಶಕ ಹಿಡಿದು ನಿಲ್ಲುತ್ತಿದ್ದ ದಿಬ್ಬದ ಮೇಲೆಯೇ ಅವನ ಗೋಪುರ ಈಗ ಕೆಂಪು ಬಿಳಿ ಪಟ್ಟೆಗಳಲ್ಲಿ ನಿಂತಿದೆ. 93 ಮೆಟ್ಟಿಲು. ಅಡಿಗೆಯ ಜಾಗ, ಗೋಡೆಯ ಬಾಗಿಗೆ ಹೊಂದುವ ಮಂಚಗಳು, ಕಿರಿದಾದ ಕಿಟಕಿಗಳು, ಎಲ್ಲವನ್ನೂ ನೋಡಬಹುದು. ಇಂಗ್ಲೆಂಡಿನಲ್ಲಿ ಓದುವ, ಕೆಲಸ ಮಾಡುವ ಕನ್ನಡಿಗರು ಆ ಕಡೆ ಹೋದರೆ ಗೋಡೆಗೆ ಕೈಯಿಟ್ಟು ಕಲ್ಲುಗಳ ಸಂದುಗಳನ್ನು ಹುಡುಕಿ ನೋಡಿ.

ಬ್ರಿಟನ್ನಿನ ಹಳೆಯ ಪೆನ್ನಿಯ ಮೇಲಿರುವುದು ಇದೇ ಗೋಪುರವೇ?

ಹೌದು. 1860ರಿಂದ 1894ರವರೆಗಿನ ಪೆನ್ನಿ ನಾಣ್ಯಗಳಲ್ಲಿ ಕುಳಿತ ಬ್ರಿಟಾನಿಯಾದ, ಎಂದರೆ ಬ್ರಿಟನ್ನಿನ ಸಂಕೇತವಾದ ಹೆಣ್ಣುರೂಪದ, ಹಿಂದೆ ಕಾಣುವ ದೀಪಸ್ತಂಭವನ್ನು ಎಡಿಸ್ಟೋನ್ ಎಂದೇ ಗುರುತಿಸುತ್ತಾರೆ.

ಸಮುದ್ರದಲ್ಲಿ ಹಳೆಯ ಗೋಪುರದ ಕುರುಹು ಏನಾದರೂ ಉಳಿದಿದೆಯೇ?

ಬುಡ ಉಳಿದಿದೆ. ಇಡಿಯಾಗಿ ಕಲ್ಲು ತುಂಬಿದ ಆ ಕೆಳಭಾಗದಲ್ಲಿ ಹಲ್ಲಿಗೆ ಹಲ್ಲು ಕಚ್ಚಿದ ಕಲ್ಲುಗಳನ್ನೂ ಅಬರ್ಥಾ ಸುಣ್ಣದ ಗಾರೆಯನ್ನೂ ಬಿಡಿಸುವುದು ಆಗದ ಮಾತೆಂದು ಅಲ್ಲೇ ಬಿಟ್ಟರು. ದೋಣಿಯಲ್ಲಿ ಹತ್ತಿರ ಹೋದವರಿಗೆ ಡಗ್ಲಸ್‌ನ ಎತ್ತರದ ಗೋಪುರದ ಪಕ್ಕದಲ್ಲಿ, ಕಡಿದ ಮರದ ಬೊಡ್ಡೆಯಂತೆ ಅದು ಕಾಣುತ್ತದೆ. ಬಂಡೆ ಇನ್ನೇನು ಕುಸಿಯುತ್ತದೆ ಎಂದು ಹೆದರಿ ಮೇಲ್ಭಾಗವನ್ನು ಇಳಿಸಿ 140 ವರ್ಷ ದಾಟಿದೆ. ಉಬ್ಬರಕ್ಕೊಮ್ಮೆ ಅಲೆ ಬಂದು ಅದರ ಸುತ್ತ ಒಡೆಯುತ್ತದೆ, ಬೊಡ್ಡೆ ಇನ್ನೂ ಅಲ್ಲೇ ಇದೆ.